ಎಂಬತ್ತೆರಡಕ್ಕೆ ಶುರುವಾಗುವ ನಡುಕ

ನಮ್ಮ ಕಾರಿನ ಸ್ಟೇರಿಂಗ್ ಎಂಬತ್ತೆರಡಕ್ಕೆ ನಡುಗಲು ಶುರು ಮಾಡುತ್ತಿತ್ತು, ತೊಂಬತ್ತಾರಕ್ಕೆ ನಿಲ್ಲಿಸುತ್ತಿತ್ತು. ಇದಿಷ್ಟನ್ನು ಮಾತ್ರ ನಾನು ಆಣೆ ಮಾಡಿ ಹೇಳಬಲ್ಲೆ. ಇನ್ನು ಮುಂದೆ ಬರೆಯುವುದರಲ್ಲಿ ನಡೆದದ್ದು ಎಷ್ಟು, ಆಮೇಲೆ ನಾನೇ ಚೆಂದಕ್ಕೆ ಜೋಡಿಸಿಕೊಂಡದ್ದು ಎಷ್ಟು ಎಂಬುದು ನನಗೂ ಪೂರ್ತಿ ಗೊತ್ತಿಲ್ಲ. ಗೊತ್ತಾದ ಕಡೆ ಹೇಳಿಬಿಡುತ್ತೇನೆ.

ಎಂಬತ್ತರವರೆಗೆ ಕಾರು ಸಾಧು. ಎಂಬತ್ತೆರಡಕ್ಕೆ ಅಂಗೈಯೊಳಗೆ ದುಂಬಿಯೊಂದನ್ನು ಮುಚ್ಚಿ ಹಿಡಿದಂತೆ ಸಣ್ಣದೊಂದು ಗುಂಯ್. ಎಂಬತ್ತೆಂಟಕ್ಕೆ ಬಳೆಗಳು ಒಂದಕ್ಕೊಂದು ತಾಗಿ ಮಾತು ಶುರು ಮಾಡುತ್ತಿದ್ದವು. ತೊಂಬತ್ತಕ್ಕೆ ಮೊಣಕೈವರೆಗೂ ಜುಮ್ಮೆನ್ನುತ್ತಿತ್ತು. ತೊಂಬತ್ತಾರು ದಾಟಿದರೆ ಏನೂ ಆಗೇ ಇಲ್ಲ ಎನ್ನುವ ಮುಖ. ಸೀಟು ನಡುಗುತ್ತಿರಲಿಲ್ಲ, ಬ್ರೇಕ್ ಒತ್ತಿದರೆ ಹೆಚ್ಚಾಗುತ್ತಿರಲಿಲ್ಲ, ಕಾರು ಒಂದು ಕಡೆಗೆ ಎಳೆಯುತ್ತಿರಲಿಲ್ಲ. ಸ್ಟೇರಿಂಗ್ ಮಾತ್ರ.

ನನ್ನ ಗಂಡನಿಗೆ ಹೇಳಿದೆ. ಕಾರು ಅವರದು. ಕೊಂಡು ಮೂರು ವರ್ಷವಾದರೂ ಹಿಂದಿನ ಸೀಟಿನ ಪ್ಲಾಸ್ಟಿಕ್ ತೆಗೆಯಲು ಬಿಟ್ಟಿಲ್ಲ. ಭಾನುವಾರ ಬೆಳಗ್ಗೆ ಹಳದಿ ಬಟ್ಟೆ ಹಿಡಿದು ಒರೆಸಲು ನಿಂತರೆ ತಿಂಡಿಗೆ ಎರಡು ಸಲ ಕರೆಯಬೇಕು.

"ಕಾರಿಗೆ ಏನೂ ಆಗಿಲ್ಲ ಕಣೇ. ನಾನು ಓಡಿಸಿದಾಗ ಬರಲ್ವಲ್ಲ? ನಿನ್ನ ಕೈ ನಡುಗ್ತಿರ್ಬೇಕು, ನೋಡ್ಕೋ."

"ನೀವು ಯಾವತ್ತು ಎಪ್ಪತ್ತು ದಾಟಿದ್ದೀರಿ?"

"ಯಾಕೆ ದಾಟ್ಬೇಕು? ಅಲ್ಲಿ ಯಾರು ಆರತಿ ತಟ್ಟೆ ಹಿಡ್ಕೊಂಡು ಕಾಯ್ತಿದ್ದಾರೆ?"

ಅವರ ಪಾಲಿಗೆ ಎಂಬತ್ತೆರಡು ಎಂಬ ಸಂಖ್ಯೆ ಮೀಟರಿನ ಮೇಲೆ ಅಂದಕ್ಕೆ ಬರೆದದ್ದು. ಹೀಗಾಗಿ ನಡುಕಕ್ಕೆ ಸಾಕ್ಷಿ ನಾನೊಬ್ಬಳೇ.

ಮಾತು ಅವರ ಬಾಯಿಂದ ತಮಾಷೆಯಾಗಿಯೇ ಬಂದದ್ದು. ಆದರೆ ನಮ್ಮ ತವರಿನಲ್ಲಿ ಕೈ ನಡುಗುವುದನ್ನು ಯಾರೂ ತಮಾಷೆ ಮಾಡುವುದಿಲ್ಲ.

ನಾನು ಬೆಳೆದದ್ದು ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ. ನಡುಮನೆಯಲ್ಲಿ ಎರಡು ಪವರ್‌ಲೂಮ್. ಬೆಳಗ್ಗೆ ಅವು ಶುರುವಾದರೆ ಇಡೀ ಮನೆ ನಡುಗುತ್ತಿತ್ತು: ಗೂಡಿನಲ್ಲಿಟ್ಟ ಲೋಟ, ಗೋಡೆಯ ಕ್ಯಾಲೆಂಡರ್, ತಟ್ಟೆಯೊಳಗಿನ ಸಾರು. ನೆಂಟರ ಮನೆಗೆ ಹೋದಾಗ ತಟ್ಟೆಯಲ್ಲಿ ಅಲ್ಲಾಡದೆ ನಿಂತ ಸಾರು ನೋಡಿದರೆ ನಮಗೆ ಅದು ಹಳಸಿದೆಯೇನೋ ಅನಿಸುತ್ತಿತ್ತು. ಅಂಥ ಮನೆಯಲ್ಲಿ ಅಪ್ಪನ ಕೈ ಯಾವಾಗಿನಿಂದ ನಡುಗುತ್ತಿತ್ತು ಎಂದು ಯಾರಿಗೆ ಗೊತ್ತಾಗಬೇಕು? ಒಂದು ಮಧ್ಯಾಹ್ನ ಕರೆಂಟು ಹೋಯಿತು. ಮಗ್ಗ ನಿಂತಿತು. ಲೋಟ ನಿಂತಿತು, ಸಾರು ನಿಂತಿತು. ನೀರು ಕುಡಿಯಲು ಅಪ್ಪ ಎತ್ತಿದ ಚೊಂಬು ಮಾತ್ರ ಅವರ ಹಲ್ಲಿಗೆ ಟಕಟಕ ಬಡಿಯುತ್ತಲೇ ಇತ್ತು.

ಬಹಳ ಅಚ್ಚುಕಟ್ಟಾದ ನೆನಪು. ಅದಕ್ಕೇ ನನಗೆ ಅದರ ಮೇಲೆ ಅನುಮಾನ. ನನ್ನ ಅಕ್ಕನನ್ನು ಕೇಳಿದರೆ, "ಕರೆಂಟ್ ಎಲ್ಲಿ ಹೋಗಿತ್ತೇ? ಅವತ್ತು ಅಮಾವಾಸ್ಯೆ, ಮಗ್ಗಕ್ಕೆ ರಜ. ಅಪ್ಪ ಕುಡೀತಿದ್ದಿದ್ದು ಕಾಫಿ," ಅನ್ನುತ್ತಾಳೆ. ಅಪ್ಪನಿಗೆ ಆಗ ಐವತ್ತೊಂದು ವರ್ಷ ಎನ್ನುವುದು ನನ್ನ ವಾದ, ಅರವತ್ತು ಎನ್ನುವುದು ಅವಳದು. ನನಗೆ ಈಗ ಐವತ್ತೊಂದು. ಅಪ್ಪನ ವಯಸ್ಸನ್ನು ನನ್ನ ಭಯವೇ ತಂದು ಇಲ್ಲಿ ಕೂರಿಸಿದೆಯೋ ಏನೋ. ಚೊಂಬಿನ ವಿಷಯದಲ್ಲಿ ಹೇಗೋ, ಕೈಯ ವಿಷಯದಲ್ಲಿ ಇಬ್ಬರದೂ ಒಂದೇ ಮಾತು. ಮಗ್ಗ ನಿಂತ ಮೇಲೂ ಅದು ನಿಲ್ಲಲಿಲ್ಲ.

ಅದೂ ಅಲ್ಲದೆ ನನ್ನ ಹೊಟ್ಟೆಪಾಡು ಕೈಯಲ್ಲೇ ಇದೆ. ಪಿಲ್ಲಗುಂಪೆಯ ಒಂದು ಕಾರ್ಖಾನೆಯಲ್ಲಿ ಬೆರಳುದ್ದದ ಲೋಹದ ಭಾಗಗಳನ್ನು ಅಳೆದು ಪಾಸು, ಫೇಲು ಹೇಳುವುದು ನನ್ನ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಹಿಂದಕ್ಕೆ. ನಮ್ಮೂರು ರಾಜಘಟ್ಟದ ಪಕ್ಕ. ಅಲ್ಲಿಂದ ದೇವನಹಳ್ಳಿ ಮೇಲೆ ಹೊಸಕೋಟೆ ಕಡೆಗೆ ದಿನಾ ಹೆದ್ದಾರಿಯಲ್ಲಿ ಕಾರು ಓಡಿಸಿಕೊಂಡು ಹೋಗುವವಳು ನಾನು. ಕೈ ನಡುಗಿದರೆ ಹೋಗುವ ದಾರಿಯೂ ಇಲ್ಲ, ಹೋಗಿ ಮಾಡುವ ಕೆಲಸವೂ ಇಲ್ಲ.

ಪರೀಕ್ಷೆ ಶುರು ಮಾಡಿದೆ. ಸೂಜಿಗೆ ದಾರ ಪೋಣಿಸಿದೆ. ಕಂಠಮಟ್ಟ ಕಾಫಿ ತುಂಬಿದ ಲೋಟ ಹಿಡಿದು ಅಡುಗೆಮನೆಯಿಂದ ಹಿತ್ತಲಿಗೆ ಹೋಗಿ ಬಂದೆ. ಬಾಗಿಲಲ್ಲಿ ದಿನಾ ಹಾಕುತ್ತಿದ್ದ ನಾಲ್ಕೆಳೆ ರಂಗೋಲಿ ಬಿಟ್ಟು ಇಪ್ಪತ್ತೊಂದು ಚುಕ್ಕಿಯದು ಹಾಕಿದೆ. ಎಲ್ಲದರಲ್ಲೂ ಪಾಸು. ಕಾರ್ಖಾನೆಯಲ್ಲೂ ಪಾಸು. ಎಂಬತ್ತೆರಡಕ್ಕೆ ಮಾತ್ರ ಫೇಲು. ಗಂಟೆಗೆ ಎಂಬತ್ತೆರಡು ಕಿಲೋಮೀಟರಿಗೆ ಬಂದು ತೊಂಬತ್ತಾರಕ್ಕೆ ವಾಸಿಯಾಗುವ ಕಾಯಿಲೆಯನ್ನು ಯಾವ ಡಾಕ್ಟರ ಮುಂದೆ ಹೇಳಿಕೊಳ್ಳುವುದು? ಇಷ್ಟು ಸರಳ ತರ್ಕ ನನಗೂ ಹೊಳೆಯುತ್ತಿತ್ತು. ಆದರೆ ಭಯ ತರ್ಕವನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ತಾನೇ ಗಾಡಿ ಓಡಿಸುತ್ತದೆ.

ಇದು ಹೇಗೆ ಶುರುವಾಯಿತೆಂದು ಕೇಳಿದವರಿಗೆಲ್ಲ ನಾನು ಹೇಳುತ್ತಿದ್ದ ಕತೆ ಹೀಗಿದೆ. ಆವತಿಯ ಹತ್ತಿರ ಬಣ್ಣ ಬಳಿಯದ ಹಂಪ್ಸ್ ಒಂದಿತ್ತು. ಒಂದು ಸಂಜೆ ಕಾಣಲಿಲ್ಲ. ಹಾರಿಸಿದೆ. ಕಾರು ಮೇಲೆ ಹೋಗಿ ದಢಾರನೆ ಕೆಳಗೆ ಬಂತು. ಮುಂದೆ ಹೆದ್ದಾರಿ ಹತ್ತಿದೆ, ಸ್ಟೇರಿಂಗ್ ನಡುಗಿತು. ಎಷ್ಟು ನೆಟ್ಟಗಿದೆ ನೋಡಿ: ಏಟು, ನೋವು. ನನಗೇ ಅದರ ಮೇಲೆ ಹೆಮ್ಮೆ.

ದೇವನಹಳ್ಳಿ ರಸ್ತೆಯ ಒಂದು ಟೈರಿನಂಗಡಿಯಲ್ಲಿ ಈ ಕತೆಯನ್ನೇ ಹೇಳಿದೆ. ಅವರು ಆ ಕತೆಯನ್ನೇ ರಿಪೇರಿ ಮಾಡಿದರು. ರಿಮ್ ಸೊಟ್ಟಗಾಗಿದೆಯಾ ಎಂದು ತಿರುಗಿಸಿ ನೋಡಿದರು, ಇಲ್ಲ. ಟೈರು ಎಲ್ಲಾದರೂ ಊದಿದೆಯಾ, ಇಲ್ಲ. ಸ್ಟೇರಿಂಗಿಗೂ ಗಾಲಿಗೂ ನಡುವೆ ಇರುವ ಕೀಲುಗಳನ್ನು ಅಲ್ಲಾಡಿಸಿದರು, ಬಿಗಿಯಾಗಿದ್ದವು. ಕೊನೆಗೆ ಗಾಲಿಗಳನ್ನು ಬಿಚ್ಚಿ ಯಂತ್ರಕ್ಕೆ ಹಾಕಿ ತಿರುಗಿಸಿದರು. ಗಾಲಿಯ ಒಂದು ಕಡೆ ಭಾರ ಹೆಚ್ಚಿದ್ದರೆ ಯಂತ್ರ ಹೇಳುತ್ತದೆ, ಎದುರು ಕಡೆಗೆ ಸಣ್ಣ ಲೋಹದ ತೂಕ ಅಂಟಿಸಿ ಸರಿದೂಗಿಸುತ್ತಾರೆ. ನಮ್ಮ ಮುಂದಿನ ಎಡಗಾಲಿಗೆ ಸಾಲಾಗಿ ಅಂಟಿಸಿದರು. ಯಂತ್ರದ ಪರದೆಯಲ್ಲಿ ಎರಡು ಸೊನ್ನೆ ಬಂತು.

"ಮುಗೀತು ಮೇಡಂ. ಮಿಷಿನ್ ಸುಳ್ಳು ಹೇಳಲ್ಲ," ಎಂದ ಅಂಗಡಿಯವನು.

ಎರಡು ದಿನ ಸ್ವರ್ಗ. ಮೂರನೆಯ ದಿನ ಎಂಬತ್ತೆರಡಕ್ಕೆ ದುಂಬಿ ಮತ್ತೆ ಬಂತು, ಈ ಸಲ ಅಣ್ಣತಮ್ಮಂದಿರನ್ನೂ ಕರೆದುಕೊಂಡು.

ರಾತ್ರಿ ಊಟಕ್ಕೆ ಕೂತಾಗ ನನ್ನ ಗಂಡ ಮುದ್ದೆ ಮುರಿಯುತ್ತ, "ಮಿಷಿನ್ ಸೊನ್ನೆ ತೋರಿಸ್ತು. ಗಾಲಿ ಸರಿಯಾಗಿದೆ, ರಿಮ್ ಸರಿಯಾಗಿದೆ. ಇನ್ನು ಉಳಿದಿರೋದು ಯಾವುದು, ನೀನೇ ಹೇಳು," ಎಂದರು. ಈ ಸಲ ತಮಾಷೆಯಾಗಿರಲಿಲ್ಲ. ನಾನು ಮುದ್ದೆಯನ್ನು ಎಡಗೈಯಿಂದ ಮುಟ್ಟಿಬಿಟ್ಟೆ. ಬಲಗೈಯನ್ನು ಅವರು ನೋಡುತ್ತಿದ್ದರು.

ಅದನ್ನು ನನ್ನ ಅತ್ತೆ ನೋಡಿದರು. ಎಪ್ಪತ್ತಾರರ ಹೆಂಗಸು, ಹೊಲದ ಮೇಲುಸ್ತುವಾರಿ ಇನ್ನೂ ಅವರದೇ. ಮಾರನೆಯ ಬೆಳಗ್ಗೆ ನಾನು ರಂಗೋಲಿಗೆ ಕುಕ್ಕರಗಾಲಲ್ಲಿ ಕೂತಿದ್ದಾಗ ಹಿಂದೆ ಬಂದು ನಿಂತರು.

"ಏನಮ್ಮಣ್ಣಿ, ದಿನಾ ಹಬ್ಬನಾ ನಮ್ಮನೇಲಿ?"

"ಸುಮ್ನೆ ಅತ್ತೆ, ಮನಸ್ಸಿಗೆ ಬಂತು."

"ಸುಮ್ನೆ ಹಾಕೋರು ಎಳೆ ಎಳೀತಾರೆ. ನೀನು ಎಳೆದು ಎಳೆದು ನೋಡ್ತಿದ್ದೀಯ." ಬಗ್ಗಿ ಒಂದು ಎಳೆಯ ಮೇಲೆ ಬೆರಳಾಡಿಸಿದರು. "ಕೈ ನಡುಗೋರ ಎಳೆ ಹಿಂಗೆ ಬರಾಕಿಲ್ಲ. ಏಳು. ನನ್ನ ತಂಗಿ ಮನೆಗೆ ಬುಟ್ಬುಟ್ಟು ಹೋಗು, ದೇವನಳ್ಳಿಗೆ."

ದಾರಿಯಲ್ಲಿ ತಂಗಿಯ ಸುದ್ದಿಯನ್ನೇ ಎತ್ತಲಿಲ್ಲ. ಹೆದ್ದಾರಿ ಹತ್ತಿದ ಮೇಲೆ, "ಈಗ ಓಡ್ಸು, ಅದೆಷ್ಟಕ್ಕೆ ನಡುಗ್ತದೋ ಅಷ್ಟಕ್ಕೆ," ಎಂದರು. ಎಂಬತ್ತೆರಡು. ಎಂಬತ್ತೆಂಟು. ಬಳೆಗಳು ಶುರುವಾದವು. ಅತ್ತೆ ತಮ್ಮ ಕೈ ಚಾಚಿ ಸ್ಟೇರಿಂಗಿನ ಎಡಬದಿ ಹಿಡಿದರು.

"ನಂಗೂ ಬತ್ತಾ ಐತೆ."

"ನನ್ನ ಕೈಯಿಂದ ನಿಮಗೆ ಬರ್ತಿರಬಹುದು ಅತ್ತೆ."

"ಹಂಗಾದ್ರೆ ನೀನು ಬುಡು."

ಮುಂದೆ, ಹಿಂದೆ ಗಾಡಿ ಇರಲಿಲ್ಲ. ಬಿಟ್ಟೆ. ಎಷ್ಟು ಹೊತ್ತು ಬಿಟ್ಟೆ? ಅತ್ತೆಯ ಪ್ರಕಾರ ಒಂದು ಫರ್ಲಾಂಗು. ನನ್ನ ಪ್ರಕಾರ ಒಂದು ಉಸಿರು. ಅಷ್ಟರಲ್ಲಿ ಸ್ಟೇರಿಂಗ್ ಅತ್ತೆಯ ಒಂದೇ ಕೈಯಲ್ಲಿ ಗಡಗಡ ನಡುಗುತ್ತಿದ್ದುದು ಇಬ್ಬರಿಗೂ ಕಂಡಿತು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು.

"ನೋಡ್ದಾ?" ಎಂದರು ಅತ್ತೆ. ಆಮೇಲೆ ತಮ್ಮ ಕೈ ಹಿಂದಕ್ಕೆ ತೆಗೆದು ನೋಡಿಕೊಂಡು, "ಆದ್ರೂ ನಂದೂ ನಡುಗೋ ಕೈಯೇ ಬುಡು. ವಯಸ್ಸಾಯ್ತಲ್ಲ."

ಕಲ್ಲು ವಾಪಸ್ ಬಂತು.

"ಇದು ಯಾವತ್ತಿಂದ ಅಂತೀಯ?" ಕೇಳಿದರು.

ನಾನು ಆವತಿಯ ಹಂಪ್ಸ್ ಕತೆ ಹೇಳಿದೆ. ಅತ್ತೆ ಪೂರ್ತಿ ಕೇಳಿಸಿಕೊಂಡು, "ಹಂಪ್ಸ್ ಹಾರ್ಸಿದ್ದು ದೀಪಾವಳೀಲಿ. ಪಟಾಕಿ ಡಬ್ಬ ನನ್ನ ತೊಡೆ ಮೇಲೆ ಬಿತ್ತಲ್ಲ? ಆಮೇಲೆ ಎಷ್ಟು ದಿನ ಓಡಾಡಿದ್ದೀಯ, ಏನಾದ್ರೂ ನಡುಗ್ತಾ? ಇದು ಬಂದಿದ್ದು ಹುರುಳಿ ಆದ್ಮೇಲೆ ಕಣಮ್ಮಣ್ಣಿ," ಎಂದರು.

ಇಲ್ಲಿ ನಾನೊಂದು ವಿಷಯ ಬಿಟ್ಟಿದ್ದೇನೆ. ಓದುವವರಿಂದ ಮುಚ್ಚಿಟ್ಟೆ ಎಂದರೆ ಅರ್ಧ ಸತ್ಯ. ನನ್ನಿಂದಲೂ ಮುಚ್ಚಿಟ್ಟಿದ್ದೆ.

ನಮ್ಮ ಕಡೆ ರಾಗಿ, ಹುರುಳಿಯನ್ನು ರಸ್ತೆಗೆ ಹರಡಿಬಿಡುತ್ತಾರೆ. ಹೋಗಿ ಬರುವ ಬಸ್ಸು ಲಾರಿಗಳೇ ಹತ್ತಿಸಿ ಕಾಳು ಬಿಡಿಸಿಕೊಡುತ್ತವೆ. ಅತ್ತೆಗೆ ಅದು ಆಗದು. ರಸ್ತೆಯ ಹುರುಳಿಯಲ್ಲಿ ಕಲ್ಲು ಸಿಗುತ್ತದೆ, ಡೀಸೆಲ್ ವಾಸನೆ ಬರುತ್ತದೆ. ಅವರದು ಮನೆ ಹಿಂದೆ ಕಣ ಮಾಡಬೇಕು ಎಂಬ ಹಟ. ಈ ಸಲವೂ ನೆಲ ಕೆತ್ತಿ, ಮಟ್ಟ ಮಾಡಿ, ಕೆಮ್ಮಣ್ಣಿಗೆ ಸಗಣಿ ಕಲಸಿದ ಬಗ್ಗಡ ಸುರಿದು ಸಾರಿಸಿದ್ದರು. ಬರಬೇಕಾದ ಟ್ರ್ಯಾಕ್ಟರಿನವನು ಬರಲಿಲ್ಲ. ನನ್ನ ಗಂಡ ಸ್ನೇಹಿತರ ಜೊತೆ ಎರಡು ದಿನ ದೇವಸ್ಥಾನಗಳ ಪ್ರವಾಸಕ್ಕೆ ಹೋಗಿದ್ದರು. ಅತ್ತೆ ಕಣ ನೋಡಿದರು, ಕಾರು ನೋಡಿದರು, ನನ್ನನ್ನು ನೋಡಿದರು.

"ಕಣ ಇನ್ನೂ ಹಸಿ ಇದೆ ಅತ್ತೆ," ಎಂದೆ.

"ನಡುವೆ ಒಣಗೈತೆ, ಅಂಚು ಒಸಿ ಹಸಿ. ಪೂರ್ತಿ ಒಣಗ್ಲಿ ಅಂತ ಕೂತ್ರೆ ನಿನ್ನ ಗಂಡ ಬಂದ್ಬುಡ್ತಾನೆ."

ಒಂದು ಗಂಟೆ ಸುತ್ತಿದೆ. ಎತ್ತು ಸುತ್ತುವ ಹಾಗೆ, ಒಂದೇ ದಿಕ್ಕಿಗೆ, ಬಲಗೈ ಒಳಗಡೆ. ದಿಕ್ಕು ಬದಲಾಯಿಸಲು ಹೋದರೆ, "ಕಣದಲ್ಲಿ ಹಿಂದಕ್ಕೆ ತಿರುಗಬಾರ್ದು," ಎಂದು ಅತ್ತೆ ಮೊರ ಎತ್ತಿ ಗದರಿದರು. ಗಾಲಿಯ ಕೆಳಗೆ ಹುರುಳಿ ಚಟಚಟ ಸಿಡಿಯುತ್ತಿತ್ತು. ಸತ್ಯ ಹೇಳುವುದಾದರೆ ಆ ಕಾರನ್ನು ನಾನು ಅಷ್ಟು ಖುಷಿಯಾಗಿ ಎಂದೂ ಓಡಿಸಿರಲಿಲ್ಲ. ಸಂಜೆ ಇಬ್ಬರೂ ಸೇರಿ ಹೊರಗಿನಿಂದ ಕಾಣುವಷ್ಟನ್ನು ತೊಳೆದೆವು. ಆಮೇಲೆ ಆ ದಿನವನ್ನು ನಾನು ಎಷ್ಟು ಚೆನ್ನಾಗಿ ಬಚ್ಚಿಟ್ಟೆನೆಂದರೆ, ಟೈರಿನಂಗಡಿಯಲ್ಲಿ "ಎಲ್ಲಾದ್ರೂ ಹೊಲಗಿಲಕ್ಕೆ ಇಳಿಸಿದ್ರಾ ಮೇಡಂ?" ಎಂದಾಗ ಎಳ್ಳಷ್ಟೂ ತಡವರಿಸದೆ ಇಲ್ಲ ಎಂದಿದ್ದೆ. ಖಾಲಿಯಾದ ಜಾಗಕ್ಕೆ ದೀಪಾವಳಿಯ ಹಂಪ್ಸ್ ತಾನಾಗಿ ಬಂದು ಕೂತಿತ್ತು.

"ಅವನಿಗೆ ಹೇಳ್ಬೇಡ. ಭಾನುವಾರ ಸುಮ್ನೆ ಎಲ್ಲಾದ್ರೂ ತೊಳಿಸ್ಕೊಂಡು ಬರಾಣ," ಎಂದರು ಅತ್ತೆ, ದೇವನಹಳ್ಳಿಯ ದಾರಿಯಲ್ಲೇ.

ಭಾನುವಾರ ನನ್ನ ಗಂಡ ಹಳದಿ ಬಟ್ಟೆ ಸಮೇತ ಮುಂದಿನ ಸೀಟಿನಲ್ಲಿ ಹತ್ತಿ ಕೂತರು. "ನಾನೂ ಬರ್ತೀನಿ. ಇವತ್ತು ಇತ್ಯರ್ಥ ಆಗ್ಲಿ." ಅತ್ತೆ ಹಿಂದೆ ಪ್ಲಾಸ್ಟಿಕ್ ಸೀಟಿನ ಮೇಲೆ ಪರಪರ ಸದ್ದು ಮಾಡುತ್ತ ಕೂತರು.

ದೊಡ್ಡಬಳ್ಳಾಪುರದಲ್ಲಿ ಟ್ರ್ಯಾಕ್ಟರ್ ಗಾಲಿಗಳ ಕೆಲಸ ಮಾಡುವ ಹಳೆಯ ಮೆಕ್ಯಾನಿಕ್ ಒಬ್ಬರಿದ್ದಾರೆ. ಗಡ್ಡವೆಲ್ಲ ಬಿಳಿ, ಬಾಯಲ್ಲಿ ಸದಾ ಎಲೆಯಡಿಕೆ. ನನ್ನ ಗಂಡನೇ ಮುಂದಾಗಿ ಎಲ್ಲ ವಿವರಿಸಿದರು. ಮೆಕ್ಯಾನಿಕ್ ಕಾರನ್ನು ನೋಡಲೇ ಇಲ್ಲ, ನನ್ನನ್ನು ನೋಡಿದರು.

"ಸಾರ್ ಹೇಳಿದ್ದು ಆಯ್ತು. ಓಡ್ಸೋರು ನೀವು ತಾನೇ ಅಮ್ಮಾ? ಎಲ್ಲೆಲ್ಲಿ ಓಡ್ಸಿದ್ರಿ?"

ಅತ್ತೆ ಕೆಮ್ಮಿದರು. ನನ್ನ ಗಂಡ ಬಾನೆಟ್ಟಿನ ಮೇಲಿನ ಒಂದು ಚುಕ್ಕೆ ಒರೆಸುತ್ತಿದ್ದರು. ಹಂಪ್ಸ್ ಕತೆ ನಾಲಿಗೆಯ ತುದಿಯಲ್ಲಿ ತಯಾರಾಗಿ ನಿಂತಿತ್ತು, ಹೊಳಪು ಕೊಟ್ಟ ಹಾಗೆ. ಅದನ್ನು ಹೇಳಿದರೆ ಮತ್ತೆ ಎರಡು ಸೊನ್ನೆ, ಮತ್ತೆ ನನ್ನ ಕೈ. ಅಪ್ಪನ ಚೊಂಬಿನ ಸದ್ದು ಕೇಳಿಸಿದಂತಾಯಿತು.

"ಕಣದಲ್ಲಿ ಓಡಿಸಿದ್ದೆ," ಎಂದೆ. "ಹುರುಳಿ ಒಕ್ಕೋದಕ್ಕೆ. ಹಸಿ ಕಣ."

ಹಳದಿ ಬಟ್ಟೆ ನಿಂತಿತು.

"ಹುರುಳಿ," ಎಂದರು ನನ್ನ ಗಂಡ. ಬಟ್ಟೆ ಹಿಡಿದ ಕೈಯಿಂದಲೇ ಬಾನೆಟ್ಟು ತೋರಿಸಿ, "ನನ್ನ ಕಾರಲ್ಲಿ?"

"ನಾನೇ ಹೇಳಿದ್ದು ಕಣೋ," ಎಂದು ಅತ್ತೆ ಕಿಟಕಿಯಿಂದ ತಲೆ ಹೊರಹಾಕಿದರು. "ಮೊನ್ನೆ ಹುರುಳಿ ಸಾರು ಎರಡು ಸಲ ಹಾಕಿಸ್ಕೊಂಡು ಉಂಡ್ಯಲ್ಲ, ಅದೇನು ಅಂಗಡೀದು ಅಂದ್ಕೊಂಡಿದ್ದಾ?"

ಮೆಕ್ಯಾನಿಕ್ ನಗಲಿಲ್ಲ. "ಯಾವ ದಿಕ್ಕಿಗೆ ಸುತ್ತಿದ್ರಿ?" ಎಂದು ಮಾತ್ರ ಕೇಳಿದರು. ಬಲಕ್ಕೆ ಎಂದೆ. "ಹಂಗಾದ್ರೆ ಮುಂದಿನ ಎಡಗಾಲಿ. ಅದೇ ಹೊರಗಡೆ ಅಂಚಲ್ಲಿ ಬಂದಿರ್ತದೆ. ಹಿಂದಿನ ಗಾಲಿ ಒಳಸುತ್ತಲ್ಲಿ ಹೋಗ್ತದೆ, ಅದಕ್ಕೆ ಹತ್ತಿರಲ್ಲ." ಗಾಲಿ ಬಿಚ್ಚಿ, ಒಳಮುಖವನ್ನು ಮೇಲಕ್ಕೆ ಮಾಡಿ ನೆಲದ ಮೇಲೆ ಮಲಗಿಸಿದರು.

ರಿಮ್ಮಿನ ಒಳಗೋಡೆಗೆ, ಅರ್ಧಚಂದ್ರಾಕಾರದಲ್ಲಿ, ಅತ್ತೆಯ ಕಣದ ತುಂಡೊಂದು ಮೆತ್ತಿಕೊಂಡಿತ್ತು. ಗಾರೆಯ ಹಾಗೆ ಗಟ್ಟಿ, ನಯವಾಗಿ ಸಾರಿಸಿದ ಹಾಗೆ. ಒಂದು ಕಡೆ ಮಾತ್ರ ಅಂಗೈಯಗಲ ಕಿತ್ತುಹೋಗಿತ್ತು. ಅದರ ಎದುರಿಗೆ ಮೊದಲ ಅಂಗಡಿಯವರು ಅಂಟಿಸಿದ ತೂಕಗಳು ಹಲ್ಲಿನ ಸಾಲಿನಂತೆ ಹೊಳೆಯುತ್ತಿದ್ದವು.

"ನೋಡಿ ಸಾರ್, ಸಗಣಿ ಸಮೇತ ಬ್ಯಾಲೆನ್ಸ್ ಮಾಡವ್ರೆ. ಮಿಷಿನ್ನಿಗೇನು ಗೊತ್ತು, ಕಬ್ಬಿಣ ಯಾವುದು ಸಗಣಿ ಯಾವುದು ಅಂತ? ಎರಡು ದಿನ ಸರಿ ಇತ್ತು. ಒಂದು ಚೂರು ಉದುರ್ತು ನೋಡಿ, ಲೆಕ್ಕ ಕೆಡ್ತು." ಉಳಿಯಿಂದ ಕೆರೆದು, ನೀರು ಹೊಡೆದು, ಹಳೆಯ ತೂಕಗಳನ್ನೆಲ್ಲ ಕಿತ್ತು ಯಂತ್ರಕ್ಕೆ ಹಾಕಿದರು. ಈ ಸಲ ಉಗುರಿನಗಲದ ಒಂದೇ ತೂಕ ಸಾಕಾಯಿತು.

ಕೆರೆದ ಸಗಣಿಯಲ್ಲಿ ಹುರುಳಿ ಕಾಳೊಂದು ಮೊಳಕೆ ಒಡೆದಿತ್ತು ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಬಿಳಿ ಬಾಲ, ಕೊಕ್ಕೆಯ ಹಾಗೆ ಬಾಗಿದ್ದು. ಕಾಳಿತ್ತು, ಮೊಳಕೆ ಇರಲಿಲ್ಲ ಎನ್ನುತ್ತಾರೆ ನನ್ನ ಗಂಡ. ಕಾಳೂ ಇರಲಿಲ್ಲ, ಬರೀ ಹೊಟ್ಟು, ನನ್ನ ಕಣದಲ್ಲಿ ಕಾಳು ಹಂಗೆಲ್ಲ ಪೋಲಾಗಲ್ಲ ಎನ್ನುತ್ತಾರೆ ಅತ್ತೆ. ಮೂವರೂ ಒಂದೇ ಗಾಲಿಯ ಮೇಲೆ ಬಗ್ಗಿ ನೋಡಿದ್ದೆವು.

ವಾಪಸ್ ಬರುವಾಗ ಹೆದ್ದಾರಿಯಲ್ಲಿ ಪರೀಕ್ಷೆ ಮಾಡಬೇಕಿತ್ತು. ಇಲ್ಲಿ ಬರವಣಿಗೆಗೆ ಒಳ್ಳೆಯ ಮುಕ್ತಾಯವೊಂದು ಸಿಗುತ್ತದೆ: ನನ್ನ ಗಂಡ ಸ್ಟೇರಿಂಗ್ ಹಿಡಿಯುತ್ತಾರೆ, ಜೀವನದಲ್ಲಿ ಮೊದಲ ಸಲ ಎಂಬತ್ತೆರಡು ಮುಟ್ಟುತ್ತಾರೆ, ಹೆದರಿಕೆಗೆ ಅವರ ಕೈ ನಡುಗುತ್ತದೆ, ನಾನು ನಗುತ್ತೇನೆ. ಹಾಗೆ ಆಗಲಿಲ್ಲ. ಅವರು ಓಡಿಸಿದ್ದು ನಿಜ. ಅರವತ್ತೆಂಟಕ್ಕೆ, "ಸರಿಯಾಗಿದೆ," ಎಂದು ಘೋಷಿಸಿ ಪಕ್ಕಕ್ಕೆ ನಿಲ್ಲಿಸಿಬಿಟ್ಟರು. ಇಳಿದು ಹಿಂದೆ ಹೋಗಿ ಕೂತರು. ಅತ್ತೆ ಮುಂದೆ ಬಂದರು. ನಾನು ಸ್ಟೇರಿಂಗ್ ಹಿಡಿದೆ.

ಎಪ್ಪತ್ತು. ಎಪ್ಪತ್ತೆಂಟು. ಅಲ್ಲಿ ನನ್ನ ಕಾಲು ಮುಂದಕ್ಕೆ ಒತ್ತಲು ಒಪ್ಪಲಿಲ್ಲ. ಇಷ್ಟು ದಿನ ಕಾರು ನಡುಗುತ್ತಿತ್ತು, ಅದರೊಳಗೆ ನನ್ನದೂ ಒಂದಿಷ್ಟು ಸೇರಿದ್ದರೆ ಯಾರಿಗೂ ಗೊತ್ತಾಗುವಂತಿರಲಿಲ್ಲ. ಈಗ ಮಗ್ಗ ನಿಂತಿದೆ. ಇನ್ನು ನಡುಗಿದರೆ ಅದು ನನ್ನದೇ.

"ಹೋಗು," ಎಂದರು ಅತ್ತೆ, ರಸ್ತೆ ನೋಡುತ್ತಲೇ.

ಎಂಬತ್ತೆರಡು. ಏನಿಲ್ಲ. ಎಂಬತ್ತೆಂಟು. ಬಳೆಗಳು ಒಂದನ್ನೊಂದು ಮರೆತಂತೆ ಇದ್ದವು. ತೊಂಬತ್ತಕ್ಕೆ ನಾನು ಬಲಗೈಯನ್ನು ಸ್ಟೇರಿಂಗಿನಿಂದ ಎತ್ತಿ, ಬೆರಳು ಚಾಚಿ, ಕಣ್ಣೆದುರಿಗೆ ಹಿಡಿದೆ.

"ಲೇ, ಸ್ಟೇರಿಂಗ್ ಹಿಡ್ಕೊಳೇ!" ಎಂದು ಹಿಂದಿನಿಂದ ನನ್ನ ಗಂಡ ಕಿರುಚಿದರು. ಪ್ಲಾಸ್ಟಿಕ್ ಪರಪರ ಎಂದಿತು.

"ಒಸಿ ತಡಿಯೋ. ನೋಡ್ಕೊಳ್ಲಿ," ಎಂದರು ಅತ್ತೆ.

ನೋಡಿಕೊಂಡೆ. ಅತ್ತೆಯೂ ನೋಡಿದರು. ಬೆರಳ ತುದಿಗಳು ಗಾಜಿನಾಚೆಯ ರಸ್ತೆಯ ಮೇಲೆ ಐದು ಮೊಳೆ ಹೊಡೆದ ಹಾಗೆ ನಿಂತಿದ್ದವು. ಮುಂದೊಂದು ದಿನ ಏನಾಗುತ್ತದೋ ನನಗೆ ಗೊತ್ತಿಲ್ಲ. ಆ ಭಾನುವಾರ, ತೊಂಬತ್ತಕ್ಕೆ, ನಿಂತಿದ್ದವು. ಮೊದಲ ಸಾಲಿನ ಜೊತೆಗೆ ಇದರ ಮೇಲೂ ಆಣೆ ಮಾಡುತ್ತೇನೆ.

"ಆಯ್ತಲ್ಲ, ಕೈ ಇಳ್ಸು," ಎಂದು ಅತ್ತೆ ಸೆರಗು ಸರಿಮಾಡಿಕೊಂಡರು. "ತಪ್ಪು ನಂದೇ ಅಮ್ಮಣ್ಣಿ. ಬರೋ ವರ್ಷ ಕಣ ಎರಡು ದಿನ ಮುಂಚೇನೇ ಸಾರಿಸ್ಬುಡ್ತೀನಿ. ಚೆನ್ನಾಗಿ ಒಣಗ್ಲಿ."

"ಅಮ್ಮಾ!" ಎಂದರು ಹಿಂದಿನಿಂದ.